ನವಿಲು ನೋಡುವ ಬಯಕೆ

ನನಗೊಂದು ಚಟವಿದೆ. ಚಹಾದ್ದಲ್ಲ, ಎಲೆ ಅಡಿಕೆಯದೂ ಅಲ್ಲ. ಅವು ಇವೆ, ಆದರೆ ಅವನ್ನು ಚಟ ಎಂದು ನಾನಿನ್ನೂ ಒಪ್ಪಿಕೊಂಡಿಲ್ಲ. ಮನೆಯಲ್ಲಿ ಯಾರಾದರೂ ಎಲ್ಲಿಗಾದರೂ ಏನನ್ನಾದರೂ ನೋಡಲು ಹೊರಟರೆ ಸಾಕು, ನನ್ನ ಬಾಯಿಂದ ಎರಡು ಪ್ರಶ್ನೆ ತಾವಾಗಿಯೇ ಹೊರಬೀಳುತ್ತವೆ: "ಬಾಗಲಾ ತಗದಿರ್ತಾರೇನು? ಮಂದಿ ಭಾಳ ಇರ್ತಾರೇನು?" ಮಕ್ಕಳು ಮೊಮ್ಮಕ್ಕಳು ಇದನ್ನು ನನ್ನ ಹಿಂದೆ ಆಡಿಕೊಂಡು ನಗುತ್ತಾರೆ. ಹಿಂದೆ ಏನು ಬಂತು, ಮುಂದೆಯೇ ನಗುತ್ತಾರೆ.

ಮೊನ್ನೆ ಮೊಮ್ಮಗಳು ಗೆಳತಿಯರ ಜೊತೆ ಬಂಡೀಪುರಕ್ಕೆ ಹುಲಿ ನೋಡಲು ಹೊರಟಿದ್ದಳು. ನಾನು ರೂಢಿಯಂತೆ ಕೇಳಿದೆ. "ಅಜ್ಜಿ, ಅದು ಗುಡಿ ಅಲ್ಲ, ಅಡವಿ. ಅಡವಿಗೆ ಎಲ್ಲಿ ಬಾಗಲಾ?" ಎಂದು ನಕ್ಕು ಹೋದವಳು ಜೋಲುಮುಖ ಹಾಕಿಕೊಂಡು ಬಂದಳು. ಹೋದ ದಿನ ಸಫಾರಿ ಬಂದ್. ಮರುದಿನ ತೆರೆದಿತ್ತು, ಆದರೆ ಹಬ್ಬದ ರಜೆ. ಹುಲಿ ನೋಡಬೇಕಾದ ಕಡೆ ಜೀಪುಗಳ ಸಾಲು, ಜೀಪಿನ ಹಿಂಬದಿ, ಮುಂದಿನ ಜೀಪಿನವರ ಟೊಪ್ಪಿಗೆ. ನಾನು ಒಂದು ತಾಟಿನಲ್ಲಿ ಅವಲಕ್ಕಿ ಹಾಕಿಕೊಟ್ಟೆ. ಅಡವಿಗೂ ಬಾಗಿಲಿರುತ್ತದೆ ಎನ್ನುವುದನ್ನು ನಾನು ಎಂದೋ ಬಂಕಾಪುರದ ಕೋಟೆಯ ಮುಂದೆ, ಹೊಟ್ಟೆ ಹೊತ್ತುಕೊಂಡು ನಿಂತು ಕಲಿತವಳು.

ನನ್ನ ತವರು ರಟ್ಟೀಹಳ್ಳಿ, ಆಗ ಹಿರೇಕೆರೂರು ತಾಲೂಕು. ನನ್ನನ್ನು ಕೊಟ್ಟಿದ್ದು ಶಿಗ್ಗಾವಿ ಸೀಮೆಯ ಹಿರೇಬೆಂಡಿಗೇರಿಗೆ. ಕನ್ನಡ ನಾಡು ಒಂದಾಗಿ ಇನ್ನೂ ಹೊಸತು. ನಮ್ಮ ಮಾವ ಮಾತ್ರ ಏನಾದರೂ ತಕರಾರಿದ್ದರೆ "ಮುಂಬೈ ಸರಕಾರದಾಗ ಹಿಂಗಿದ್ದಿಲ್ಲ" ಎನ್ನುವುದನ್ನು ಬಿಟ್ಟಿರಲಿಲ್ಲ. ಮದುವೆಯಾದ ಮರುವರ್ಷ ನಾನು ಬಸುರಿಯಾದೆ. ಆಗ ಶುರುವಾಯಿತು ನೋಡಿ ಅತ್ತೆಯ ಪ್ರಶ್ನೆ.

ನಮ್ಮ ಕಡೆ ಬಸುರಿಯ ಬಯಕೆ ಎಂದರೆ ಮಾಮಲೇದಾರರ ಹುಕುಮ್ ಇದ್ದಂತೆ, ತಪ್ಪಿಸುವ ಹಾಗಿಲ್ಲ. ತಪ್ಪಿಸಿದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಂಬಿಕೆ. ನೀವು ನಗಬಹುದು. ನಾನೂ ಏಳನೆಯ ಇಯತ್ತೆ ಓದಿದವಳು, ಒಳಗೊಳಗೇ ನಕ್ಕಿದ್ದೆ. ಆದರೆ ಅತ್ತೆಗೆ ಅದು ನಗುವ ಮಾತಾಗಿರಲಿಲ್ಲ. ಅವರ ಒಬ್ಬನೇ ಮಗ, ಅಂದರೆ ನನ್ನ ಯಜಮಾನರು ಈರಣ್ಣ (ಈ ಹೆಸರನ್ನು ಬಾಯಿಬಿಟ್ಟು ಹೇಳಲು ನನಗೆ ಈಗಲೂ ನಾಲಿಗೆ ತಡೆಯುತ್ತದೆ, ಬರೆಯಲು ಅಡ್ಡಿಯಿಲ್ಲ), ಕೂಸಿದ್ದಾಗ ಅವರ ಎಡಗಿವಿ ಸೋರಿ ಸೋರಿ ಮಂದವಾಗಿ ಹೋಗಿತ್ತು. ಆ ಕಡೆಯಿಂದ ಕರೆದರೆ ಅವರಿಗೆ ಕೇಳುತ್ತಿರಲಿಲ್ಲ. ತಾನು ಬಸುರಿಯಿದ್ದಾಗ ಬಯಕೆ ತೀರದೆ ಉಳಿದದ್ದೇ ಇದಕ್ಕೆ ಕಾರಣ ಎಂದು ಅತ್ತೆ ಗಟ್ಟಿಯಾಗಿ ನಂಬಿದ್ದರು. ಆ ಬಯಕೆ ಏನೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಮೊಮ್ಮಗುವಿನ ಕಿವಿ ಉಳಿಸುವುದೊಂದೇ ಈಗ ಅವರ ತಲೆಯಲ್ಲಿ.

"ಏನ್ ತಿನಬೇಕನಸ್ತೈತಿ ಹೇಳ ನನ್ನವ್ವ. ಹುಣಸಿಕಾಯಿ? ಮಾದೇಲಿ? ಸಜ್ಜಕದ ಹೋಳಿಗಿ?" ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳುತ್ತಿದ್ದರು. ನನಗೆ ನಿಜವಾಗಿ ಬೇಕಾಗಿದ್ದದ್ದು ಹಿತ್ತಿಲ ಕೋಣೆಯ ಗೋಡೆಯ ಕೆಮ್ಮಣ್ಣು. ಅದನ್ನು ನಾನು ಆಗಲೇ ಬೆರಳಿನಿಂದ ಕೆರೆದು ಗುಟ್ಟಾಗಿ ಮೆಲ್ಲುತ್ತಿದ್ದೆ. ಗೋಡೆಯಲ್ಲಿ ಬಟ್ಟಲಿನಷ್ಟು ಗುಳಿ ಬಿದ್ದಿತ್ತು. ಮಾವ ಅದನ್ನು ಇಲಿಯ ಕೆಲಸವೆಂದು ಬೋನು ತಂದಿಟ್ಟಿದ್ದರು. ಇಂಥ ಬಯಕೆಯನ್ನು ಹೇಳುವುದು ಹೇಗೆ? ಒಂದು ಸಂಜೆ ಅತ್ತೆ ಮತ್ತೆ ಕೇಳುತ್ತಿದ್ದಾಗ ಹೊಲದ ಕಡೆಯಿಂದ ನವಿಲು ಕೂಗಿತು. ಪಾರಾದರೆ ಸಾಕಾಗಿತ್ತು ನನಗೆ.

"ನವಿಲು ಕುಣಿಯೂದು ನೋಡಬೇಕನಸ್ತೈತ್ರಿ ಅತ್ತಿ" ಎಂದುಬಿಟ್ಟೆ.

ನವಿಲೇ ಯಾಕೆ ಬಾಯಿಗೆ ಬಂತೋ. ನನ್ನದೂ ನವಿಲಿನದೂ ಹಳೆಯ ಲೆಕ್ಕ ಒಂದಿತ್ತು ಅನ್ನಿ. ರಟ್ಟೀಹಳ್ಳಿಯ ಕನ್ನಡ ಶಾಲೆಯ ಗ್ಯಾದರಿಂಗಿನಲ್ಲಿ ನಾನು ನವಿಲಾಗಿದ್ದೆ. ಅವ್ವ ಹೊಸ ಕಸಬರಿಗೆಗೆ ನೀಲಿ ಬಳಿದು ನನ್ನ ನಡುವಿಗೆ ಬಿಗಿದು ಕಟ್ಟಿದ್ದಳು. ಎರಡು ಸುತ್ತು ಕುಣಿಯುವಷ್ಟರಲ್ಲಿ ಗಂಟು ಸಡಿಲಾಗಿ ಕಸಬರಿಗೆ ಕಾಲಿಗೆ ತೊಡರಿ, ಮುಂದಿನ ಸಾಲಿನಲ್ಲಿ ಕುಳಿತ ಗೌಡರ ಪಾದಕ್ಕೆ ನೇರವಾಗಿ ಹೋಗಿ ಬಿದ್ದೆ. ಗೌಡರು ನಮಸ್ಕಾರ ಎಂದುಕೊಂಡು ಆಶೀರ್ವಾದ ಮಾಡಿದರು. ಅಂದಿನಿಂದ ನಿಜವಾದ ನವಿಲು ಅದು ಹೇಗೆ ಬೀಳದೆ ಕುಣಿಯುತ್ತದೆ ಎಂದು ನನಗೆ ಒಂದು ಕುತೂಹಲವಿದ್ದದ್ದು ನಿಜ. ಬಯಕೆ ಎನ್ನುವಷ್ಟೇನಲ್ಲ.

ಆದರೆ ಮಾತು ಆಡಿದರೆ ಹೋಯಿತು. ಅತ್ತೆಯ ಮುಖದಲ್ಲಿ ಅಂದು ಕಂಡ ಗಾಂಭೀರ್ಯವನ್ನು ನಾನು ಮರೆತಿಲ್ಲ. "ಕುಬಸದೊಳಗ ತೋರಸ್ತೇನಿ" ಎಂದರು. ಕುಬಸ ಎಂದರೆ ಬಸುರಿಗೆ ಉಡಿ ತುಂಬಿ ಹಸಿರು ರವಿಕೆ ತೊಡಿಸುವ ಕಾರ್ಯ. ಅದಾದ ಮೇಲೆ ನನ್ನ ಅಣ್ಣ ಬಂದು ತವರಿಗೆ ಕರೆದೊಯ್ಯುವವನಿದ್ದ. ಅಷ್ಟರೊಳಗೆ ನವಿಲು ಕುಣಿಯಬೇಕು.

ನಮ್ಮ ಸೀಮೆಯಲ್ಲಿ ನವಿಲು ಎಂದರೆ ಬಂಕಾಪುರದ ಕೋಟೆ. ಹೊಲದಲ್ಲಿಯೂ ಒಂದೊಂದು ಕಾಣುತ್ತಿದ್ದವು, ಆದರೆ ಜೋಳ ಹೆಕ್ಕುವಾಗ ಕಾಣುವ ನವಿಲು ಕಳ್ಳನಂತೆ ತಲೆ ತಗ್ಗಿಸಿಕೊಂಡಿರುತ್ತದೆ. ಕೋಟೆಯ ಒಳಗಾದರೆ ಹುಲ್ಲಿನ ಕಾವಲು, ಜಾಲಿ ಕಂಟಿ, ಹಳೆಯ ಈಶ್ವರ ಗುಡಿ, ಸುತ್ತ ಕಂದಕ. ಅಲ್ಲಿ ನವಿಲುಗಳದೇ ದರಬಾರು. ಹಾನಗಲ್ಲಿನಿಂದ, ಸವಣೂರಿನಿಂದ ಜನ ನವಿಲು ನೋಡಲೆಂದೇ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು.

ಕಾರಹುಣ್ಣಿಮೆ ಮುಗಿದು ಮೊದಲ ಮಳೆ ಹದವಾಗಿ ಬಿದ್ದ ಮೇಲೆ ನಸುಕಿನಲ್ಲೇ ಚಕ್ಕಡಿ ಕಟ್ಟಿದೆವು. ಹೊಡೆಯುವವರು ಇವರು, ಹಿಂದೆ ಜಮಖಾನೆಯ ನೆರಳಲ್ಲಿ ನಾನು ಮತ್ತು ಅತ್ತೆ. ಹೊತ್ತೇರುವಷ್ಟರಲ್ಲಿ ಕೋಟೆಯ ಅಗಸಿಬಾಗಿಲ ಮುಂದಿದ್ದೆವು. ಅಗಸಿಗೆ ಅಡ್ಡಲಾಗಿ ಜಾಲಿ ಮುಳ್ಳಿನ ಕಂಟಿ ಒಟ್ಟಿತ್ತು. ಅದರ ಪಕ್ಕದಲ್ಲಿ ಹುಲ್ಲಿನ ಕಾವಲಿನ ಮುದುಕ ಇಮಾಮಸಾಬ ಬೀಡಿ ಸೇದುತ್ತ ಕುಳಿತಿದ್ದ.

"ಬಾಗಲಾ ಬಂದ್ ಐತ್ರಿ ಅವ್ವಾರ. ಹೆಣ್ಣ ನವಿಲು ತತ್ತಿ ಮ್ಯಾಲ ಕುಂತಾವು. ಹುಲ್ಲಾಗ ತತ್ತಿ ಎಲ್ಲೈತಿ ಅಂತ ಕಾಲಿಗೆ ಗೊತ್ತಾಗೂದಿಲ್ರಿ."

"ನಮ್ಮ ಸೊಸಿ ಬಸರದಾಳೋ ಯಪ್ಪಾ. ಬಸರಿ ಬಯಕಿ ಐತಿ, ಒಂದೀಟ ಬಿಡು" ಎಂದರು ಅತ್ತೆ. ಈ ಮಾತಿಗೆ ತೆರೆಯದ ಬಾಗಿಲು ನಮ್ಮ ಸೀಮೆಯಲ್ಲಿ ಇರಲಿಲ್ಲ.

ಇಮಾಮಸಾಬ ಬೀಡಿ ಆರಿಸಿ ಎದ್ದು ನಿಂತ. ಅವನ ಮುಖದಲ್ಲಿ ಸಂಕಟವೇ ಇತ್ತು. "ಖರೇನ್ರಿ. ಆದ್ರ ಒಳಗಿನೂ ಬಸರಿ ಬಾಣಂತ್ಯಾರ ಅದಾವ್ರಿ ಅವ್ವಾರ. ಯಾರ ಬಯಕಿ ತೀರಸ್ಲಿ ನಾ?"

ಅತ್ತೆ ಸಿಟ್ಟಾಗುತ್ತಾರೆ ಎಂದು ನಾನು ಕಾದೆ. ಅವರು ಮುಳ್ಳಿನ ಕಂಟಿಯ ಆಚೆ ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ಬುತ್ತಿಯ ಗಂಟು ಬಿಚ್ಚಿ ಎರಡು ರೊಟ್ಟಿ, ಶೇಂಗಾ ಹಿಂಡಿ ಅವನ ಕೈಗಿಟ್ಟು, "ಬಾಣಂತ್ಯಾರನ್ನ ಎಬ್ಬಸಬಾರದು, ನೀ ಹೇಳೂದ ಬರೋಬ್ಬರಿ ಐತಿ" ಎಂದು ಚಕ್ಕಡಿ ತಿರುಗಿಸಲು ಹೇಳಿದರು. ಅತ್ತೆಯ ಮೇಲೆ ನನಗೆ ಮೊದಲ ಸಲ ಪ್ರೀತಿ ಹುಟ್ಟಿದ್ದು ಅಲ್ಲಿ, ಆ ಮುಚ್ಚಿದ ಬಾಗಿಲ ಮುಂದೆ. ಅಲ್ಲಿಯತನಕ ಬರೀ ಅಂಜಿಕೆ ಇತ್ತು.

ಎರಡನೆಯ ಸಲ ತಪ್ಪಾಗಬಾರದೆಂದು ಅತ್ತೆ ಊರ ಮಠದ ಅಯ್ಯನವರಿಂದ ಪಂಚಾಂಗ ತೆಗೆಸಿದರು. ಶ್ರಾವಣ ಸೋಮವಾರ ಬಹಳ ಪ್ರಶಸ್ತ ಎಂದು ಅಯ್ಯನವರು ಬೆರಳು ಮಡಿಸಿ ಹೇಳಿದರು; ಶ್ರಾವಣ ಸೋಮವಾರಗಳಂದು ಗುಡಿಗೆ ಬರುವ ಭಕ್ತರಿಗಾಗಿ ಕೋಟೆಯ ಬಾಗಿಲೂ ತೆರೆದಿರುತ್ತದೆ ಎಂದರು. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಹಾಗಾಗಿ ಭಾನುವಾರವೇ ಹೊರಟು ಬಂಕಾಪುರದ ಬೀಗರ ಮನೆಯಲ್ಲಿ ತಂಗಿದೆವು. ನಾವು ಮರೆತದ್ದು ಒಂದೇ: ಹಾನಗಲ್ಲಿನ ಅಯ್ಯನವರ ಬಳಿಯೂ ಅದೇ ಪಂಚಾಂಗ ಇರುತ್ತದೆ, ಸವಣೂರಿನವರ ಬಳಿಯೂ ಅದೇ. ನವಿಲನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಏನು ಮಂದಿ ಅಂತೀರಿ! ಅಗಸಿಯಿಂದ ಗುಡಿಯತನಕ ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳುವಂತಿರಲಿಲ್ಲ. ಬೆಂಡು ಬತ್ತಾಸು ಮಾರುವವರು, ತುತೂರಿ ಊದುವ ಹುಡುಗರು, ಕಳೆದುಹೋದ ಅತ್ತಿಗೆಯನ್ನು ಕೂಗುವವರು. ಒಬ್ಬರು ಎತ್ತಲೋ ಕೈ ತೋರಿಸಿ "ನವಿಲು!" ಎಂದರೆ ನೂರು ಜನ ಅತ್ತ ಓಡುವುದು. ಒಮ್ಮೆ ಹಾಗೆ ಓಡಿಹೋಗಿ ನೋಡಿದರೆ ಸವಣೂರಿನ ಕಡೆಯ ಒಬ್ಬರು ಬಿಸಿಲಿಗೆ ಛತ್ರಿ ಬಿಚ್ಚಿದ್ದರು. ಪಾಪ, ಅಷ್ಟು ಜನ ಬಾಯಿ ತೆರೆದು ತಮ್ಮನ್ನೇ ನೋಡುವುದನ್ನು ಕಂಡು ಅವರು ಗಾಬರಿಯಾಗಿ ಛತ್ರಿ ಮಡಚಿಬಿಟ್ಟರು.

ಅಷ್ಟರಲ್ಲಿ ಗುಡಿಯ ಹಿಂದಿನ ದಿಬ್ಬದ ಮೇಲೆ ನಿಜವಾದ ಗಂಡು ನವಿಲೊಂದು ಕಂಡಿತು. ಅತ್ತೆ ಸೆರಗನ್ನು ನಡುವಿಗೆ ಸಿಕ್ಕಿಸಿ, ನನ್ನ ರಟ್ಟೆ ಹಿಡಿದು ನುಗ್ಗಿದರು. "ಬಸರಿ ಬಯಕಿ ಐತ್ರಿ, ದಾರಿ ಬಿಡ್ರಿ!"

ಆ ಗದ್ದಲದಲ್ಲಿಯೂ ಆ ಮಾತು ಕೇಳಿಸಿತು. ಅಪರಿಚಿತ ಹೆಂಗಸರು ಗಂಡಸರನ್ನು ಬದಿಗೆ ತಳ್ಳಿದರು. "ಸರೀರೋ, ಬಸರಿ ಬಂದಾಳ!" ಎಂದು ಬಾಯಿಂದ ಬಾಯಿಗೆ ಹೋಗಿ, ಮಂದಿ ಇಬ್ಭಾಗವಾಗಿ ದಾರಿಯಾಯಿತು. ಯಾರೋ ತಲೆಯ ರುಂಬಾಲು ಬಿಚ್ಚಿ ಕಲ್ಲಿನ ಮೇಲೆ ಹಾಸಿ ನನ್ನನ್ನು ಕೂಡಿಸಿದರು. ಇನ್ನಾರೋ ನೀರು ಕೊಟ್ಟರು. ನಾಚಿಕೆಯಿಂದ ನನ್ನ ಮುಖ ಮೆಣಸಿನಕಾಯಿಯಾಗಿತ್ತು. ಆದರೂ ಈಗ ನೆನೆದರೆ ಎದೆ ತುಂಬಿ ಬರುತ್ತದೆ: ಹೆಸರು ಗೊತ್ತಿಲ್ಲದ ಒಂದು ಹೆಣ್ಣಿನ ಹೊಟ್ಟೆಯ ಕೂಸಿಗಾಗಿ ಮೂರು ತಾಲೂಕಿನ ಜನ ದಾರಿ ಬಿಟ್ಟಿದ್ದರು. ಬಿಟ್ಟು ಸುಮ್ಮನಿದ್ದರೆ ಆಗಿತ್ತು. ಎಲ್ಲರೂ ಸೇರಿ ನವಿಲಿಗೆ "ಕುಣಿಯಪಾ! ಬಸರಿ ಬಂದಾಳ, ಕುಣಿ!" ಎಂದು ಚಪ್ಪಾಳೆ ತಟ್ಟತೊಡಗಿದರು. ನವಿಲು ನಮ್ಮನ್ನೆಲ್ಲ ಒಮ್ಮೆ ನೋಡಿ, ಕುತ್ತಿಗೆ ಉದ್ದ ಮಾಡಿ, ಕಂದಕದ ಆಚೆ ಹಾರಿಹೋಯಿತು.

ಒಬ್ಬ ಅಜ್ಜಿ ನನ್ನ ಕೈಗೆ ಒಂದು ಗರಿ ಕೊಟ್ಟು, "ಇದನ್ನ ನೋಡಿದ್ರೂ ನಡೀತೈತಿ ಬಿಡ" ಎಂದಳು. ಅತ್ತೆ ಒಪ್ಪಲಿಲ್ಲ. "ಗರಿ ನೋಡಿದ್ರ ಗರಿಯಷ್ಟ ಕಿವಿ ಬಂದೀತು. ನನಗ ಪೂರಾ ಕಿವಿ ಬೇಕು" ಎಂದರು.

ಕುಬಸದ ದಿನ ಹತ್ತಿರ ಬಂತು. ನಾನು ಒಮ್ಮೆ ಧೈರ್ಯ ಮಾಡಿ, "ಬ್ಯಾಡ ಬಿಡ್ರಿ ಅತ್ತಿ, ನನಗ ಈಗ ಅಷ್ಟೇನ ಆಸೆ ಇಲ್ಲ" ಎಂದೆ. "ನೀ ಹಂಗಂತಿ. ಹೊಟ್ಯಾಗಿಂದು ಏನಂತೈತಿ ನಿನಗೇನ ಗೊತ್ತು?" ಎಂದು ನನ್ನ ಬಾಯಿ ಮುಚ್ಚಿಸಿದರು. ಮಳೆ ಬಿಡುವು ಕೊಟ್ಟಿತ್ತು, ಹೊಲದಲ್ಲಿ ಕಳೆ ತೆಗೆಯಲು ಎಡೆ ಹೊಡೆಯುವ ಅವಸರ. ಅಂಥ ದಿನದಲ್ಲಿ, ಬುಧವಾರ, ಅತ್ತೆ ಬೆಳಿಗ್ಗೆ ಎದ್ದು ಚಕ್ಕಡಿ ಕಟ್ಟಿಸಲು ಹೊರಟರು.

ಮಾವನಿಗೆ ತಲೆ ಕೆಟ್ಟಿತು. "ಎತ್ತು ಎಡಿ ಹೊಡಿಯಾಕ ಬೇಕಾಗ್ಯಾವು. ಇವತ್ತ ಯಾವ ದಿನಾ, ಯಾವ ತಿಥಿ? ಹುಚ್ಚ ಹಿಡದೈತೇನ ನಿನಗ?"

ಮಾವನ ಎದುರು ಅತ್ತೆ ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದೂ ದನಿ ಎತ್ತರಿಸಲಿಲ್ಲ. "ಒಂದ ಕಿವಿ ಕಳಕೊಂಡೇವಿ. ಇನ್ನೊಂದ ನಾ ಕೊಡೂದಿಲ್ಲ" ಎಂದಷ್ಟೇ ಹೇಳಿ ಎತ್ತಿನ ಹಗ್ಗ ಬಿಚ್ಚತೊಡಗಿದರು. ಮಾವ ಗೂಟಕ್ಕೆ ನೇತುಹಾಕಿದ್ದ ಬಾರಕೋಲನ್ನು ತಾವೇ ತೆಗೆದು ಮಗನ ಕೈಗೆ ಕೊಟ್ಟರು.

ಕೋಟೆಯ ಮುಂದೆ ಒಂದು ನರಪಿಳ್ಳೆ ಇರಲಿಲ್ಲ. ಅಗಸಿಗೆ ಮತ್ತೆ ಮುಳ್ಳಿನ ಕಂಟಿ ಒಟ್ಟಿತ್ತು. ಇಮಾಮಸಾಬ ನಮ್ಮನ್ನು ಕಂಡು ಎದ್ದು ನಿಂತವನು ಕೈ ಕೈ ಹಿಸುಕಿಕೊಂಡ. "ಮರಿ ಇನ್ನಾ ಸಣ್ಣವು ಅದಾವ್ರಿ ಅವ್ವಾರ..."

"ತಗಿಬ್ಯಾಡೋ ಯಪ್ಪಾ. ಇಲ್ಲೇ ಹೊರಗ ಕುಂತು ಬುತ್ತಿ ಉಂಡು ಹೊಕ್ಕೇವಿ. ನಮ್ಮ ಪಾಲಿಗೆ ಇದ್ದಷ್ಟ ಆಗ್ತೈತಿ" ಎಂದರು ಅತ್ತೆ.

ಕಂದಕದ ದಂಡೆಯಲ್ಲಿ ಹುಣಸೆಮರದ ಕೆಳಗೆ ಚಕ್ಕಡಿ ಬಿಟ್ಟೆವು. ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಇವರು ಉಂಡು ಎತ್ತುಗಳಿಗೆ ನೀರು ಕುಡಿಸಲು ಹೊಂಡದ ಕಡೆ ಹೊಡೆದುಕೊಂಡು ಹೋದರು. ನಾನು ಎರಡು ಜೀವದವಳ ಹಸಿವಿನಿಂದ ಉಂಡು, ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಒರಗಿದವಳಿಗೆ ನಿದ್ದೆ ಹತ್ತಿತು. ಬಯಕೆಯ ಬಸುರಿ ಗೊರಕೆ ಹೊಡೆಯುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಎಚ್ಚರವಾದಾಗ ಮೋಡ ಕವಿದು ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು. ಒಣಗಿದ ಜೋಳದೆಲೆಯ ರವದಿಯನ್ನು ಯಾರೋ ಸಣ್ಣಗೆ ಅಲುಗಿಸಿದಂತೆ ಸರಸರ ಸದ್ದು. ತಲೆ ಎತ್ತಿದೆ. ಅತ್ತೆ ಚಕ್ಕಡಿಯ ಗಾಲಿಗೆ ಒರಗಿ, ನನಗೆ ಓರೆಯಾಗಿ ನಿಂತಿದ್ದರು. ಅವರ ಆಚೆ, ಕಂದಕದ ದಂಡೆಯ ಮೇಲೆ, ಮುಚ್ಚಿದ ಬಾಗಿಲಿನ ಹೊರಗೆ, ನವಿಲು ಗರಿ ಬಿಚ್ಚಿತ್ತು. ಬಾಗಿಲು ಬಂದ್ ಎನ್ನುವುದು ನಮಗೆ, ಅದಕ್ಕಲ್ಲವಲ್ಲ. ಗೋಡೆ ಹಾರಿ ಬಂದು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಇಡೀ ಮೈ ಒಮ್ಮೆ ನಡುಗಿಸುವುದು, ನಿಧಾನವಾಗಿ ಒಂದು ಸುತ್ತು ತಿರುಗುವುದು, ಮತ್ತೆ ನಡುಗಿಸುವುದು. ಎಷ್ಟು ಚಂದವಿತ್ತು! ಇದ್ದಿರಬೇಕು ಎನ್ನುತ್ತೇನೆ, ಯಾಕೆಂದರೆ ನನಗೆ ಕಂಡದ್ದು ಕಾಲುಭಾಗ. ಮುಕ್ಕಾಲು ನವಿಲನ್ನು ಅತ್ತೆ ಮರೆಮಾಡಿ ನಿಂತಿದ್ದರು.

"ಅತ್ತಿ, ಸ್ವಲ್ಪ ಸರೀರಿ" ಎನ್ನಬೇಕೆಂದು ಬಾಯಿ ತೆರೆದೆ. ಅನ್ನಲಿಲ್ಲ. ನಾನು ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ತಲೆಯಿಂದ ಜಾರದ ಅವರ ಸೆರಗು ಹೆಗಲಿಗೆ ಬಿದ್ದಿತ್ತು. ಒಂದು ಕೈಯಲ್ಲಿ ಅರ್ಧ ತಿಂದ ರೊಟ್ಟಿ ಹಾಗೇ ಇತ್ತು. ಬಾಯಿ ಸಣ್ಣಗೆ ತೆರೆದಿತ್ತು. ನವಿಲು ಅತ್ತ ತಿರುಗಿದರೆ ಅವರ ತಲೆ ಅತ್ತ ವಾಲುತ್ತಿತ್ತು, ಇತ್ತ ತಿರುಗಿದರೆ ಇತ್ತ. ಒಲೆ, ಎಮ್ಮೆ, ಮಾವ, ಮಗನ ಕಿವಿ, ಸೊಸೆಯ ಹೊಟ್ಟೆ, ಎಲ್ಲವೂ ಅವರ ಮುಖದಿಂದ ಇಳಿದುಹೋಗಿದ್ದವು. ನನ್ನ ಅತ್ತೆಗೆ ಆಗ ನಲವತ್ತೈದು ದಾಟಿರಲಿಲ್ಲ, ಅದು ನನಗೆ ಹೊಳೆದದ್ದೇ ಆ ಗಳಿಗೆಯಲ್ಲಿ. ನಾನು ನವಿಲನ್ನು ಬಿಟ್ಟು ಅವರನ್ನೇ ನೋಡಿದೆ.

ಹನಿ ಬಿದ್ದವು. ನವಿಲು ಗರಿ ಮಡಚಿ ಕಂದಕಕ್ಕೆ ಇಳಿಯಿತು. ಅತ್ತೆ ನಿಟ್ಟುಸಿರು ಬಿಟ್ಟು ರೊಟ್ಟಿ ಕಚ್ಚಿದವರು, ಚೇಳು ಕಡಿದವರಂತೆ ತಿರುಗಿದರು. "ಅಯ್ಯ ನನ ಶಿವನ! ನಿನ್ನ ಎಬ್ಬಸೂದ ಮರತ ನಿಂತೆನಲ್ಲವ್ವ! ನಾ ಎಂಥಾ ಹುಚ್ಚಿ!"

"ಎಚ್ಚರ ಇದ್ದೇರಿ ಅತ್ತಿ. ಕಣ್ತುಂಬ ನೋಡಿದೆ."

"ಖರೇನ?"

"ನಿಮ್ಮಾಣಿ" ಎಂದೆ. ಅದರಲ್ಲಿ ಸುಳ್ಳೇನಿರಲಿಲ್ಲ.

ಹಿಂದಿರುಗುವಾಗ ಸಣ್ಣ ಮಳೆಯಲ್ಲಿ ಚಕ್ಕಡಿ ಜೋಲಿ ಹೊಡೆಯುತ್ತಿತ್ತು. ಅತ್ತೆ ಸವಣೂರಿನ ಎಲೆಗೆ ಸುಣ್ಣ ಹಚ್ಚಿ ನನಗೊಂದು, ತಮಗೊಂದು ಮಡಿಸಿದರು. ಅವರು ಅಷ್ಟು ಹಗುರಾಗಿ ಕುಳಿತದ್ದನ್ನು ಕಂಡು ನನಗೂ ಸಲುಗೆ ಬಂತು. ಇಷ್ಟು ದಿನ ಕೇಳಲು ಅಂಜಿದ್ದನ್ನು ಕೇಳಿದೆ. "ಅತ್ತಿ, ನೀವು ಬಸರಿದ್ದಾಗ ನಿಮಗೇನ ಬಯಕಿ ಇತ್ರಿ?"

ಅತ್ತೆ ಎಲೆ ಅಗಿಯುವುದನ್ನು ನಿಲ್ಲಿಸಿದರು. "ಯಾರೂ ಕೇಳ್ಲಿಲ್ಲವ್ವ ನನ್ನ" ಎಂದರು. ಆಮೇಲೆ ರಸ್ತೆಯ ಕಡೆ ನೋಡುತ್ತ, "ತಿನ್ನೂದೇನ ಅಲ್ಲ. ಒಮ್ಮೆ ಚಕ್ಕಡ್ಯಾಗ ಕುಂತು ಎಲ್ಲಿಗರ ಹೋಗಬೇಕು, ಏನರ ನೋಡಬೇಕು ಅನಸ್ತಿತ್ತು. ಸತ್ತವರ ಮನಿಗಿ ಅಲ್ಲ, ಲಗ್ನದ ಮನ್ಯಾಗ ರೊಟ್ಟಿ ಬಡಿಯಾಕ ಅಲ್ಲ. ಸುಮ್ಮನ. ಅಷ್ಟ" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಸೊಸೆಯಂದಿರು ಹಾಗೆ ಹಿಡಿಯುವ ಪದ್ಧತಿ ಇರಲಿಲ್ಲ. ಅವರು ಬಿಡಿಸಿಕೊಳ್ಳಲಿಲ್ಲ.

ಮುಂದೆ ರಟ್ಟೀಹಳ್ಳಿಯಲ್ಲಿ ಮಗಳು ಹುಟ್ಟಿದಳು. ಅವಳ ಕಿವಿಯ ವಿಷಯ ಕೇಳಲೇಬೇಡಿ. ಅಡಿಗೆಮನೆಯಲ್ಲಿ ಪಿಸುಗುಟ್ಟಿದ್ದು ಪಡಸಾಲೆಯಲ್ಲಿದ್ದ ಅವಳಿಗೆ ಕೇಳುತ್ತಿತ್ತು. ಅವಳಿಂದಾಗಿ ನಮ್ಮ ಮನೆಯಲ್ಲಿ ಒಂದು ಗುಟ್ಟೂ ನಿಲ್ಲಲಿಲ್ಲ. ಗೋಡೆಯ ಗುಳಿಯದೂ ಸೇರಿದಂತೆ.

ಆದರೆ ನಾನು ಹೇಳಬೇಕಾದದ್ದು ಅದಲ್ಲ. ಆ ಬುಧವಾರ ಸಂಜೆ ನಾವು ಮನೆ ಮುಟ್ಟಿದಾಗ ಇವರು ಎತ್ತು ಕಟ್ಟಿ, ಅಂಗಳದ ಕಲ್ಲಿನ ಮೇಲೆ ಬಗ್ಗಿ ಕಾಲು ತೊಳೆದುಕೊಳ್ಳುತ್ತಿದ್ದರು. ಅತ್ತೆ ಬುತ್ತಿಯ ಗಂಟು ಹಿಡಿದು ಒಳಗೆ ಹೋಗುತ್ತಿದ್ದವರು ನಿಂತರು. ತಿರುಗಿ ಬಂದು ಮಗನ ಹಿಂದೆ, ಎಡಗಡೆಗೆ, ಸದ್ದಿಲ್ಲದೆ ನಿಂತರು. ತಮ್ಮ ಬಯಕೆ ಇಂದು ತೀರಿತಲ್ಲ, ಎನ್ನುವ ಲೆಕ್ಕ ಅವರದು. ಬಾಗಿಲಲ್ಲಿದ್ದ ನನಗೆ ಅರ್ಥವಾಯಿತು.

"ಈರಣ್ಣಾ" ಎಂದು ಮೆಲ್ಲಗೆ ಕರೆದರು. ಇವರು ಕಾಲು ತಿಕ್ಕುತ್ತಲೇ ಇದ್ದರು. ಅತ್ತೆ ಇನ್ನೂ ಮೆಲ್ಲಗೆ, ತೊಟ್ಟಿಲ ಕೂಸನ್ನು ಕರೆದ ಹಾಗೆ, ಮತ್ತೊಮ್ಮೆ ಕರೆದರು.

ಇವರು ತಿರುಗಿ ನೋಡಿದರು. "ಏನವ್ವಾ?"

"ಏನಿಲ್ಲಪಾ. ರೊಟ್ಟಿ ಹಾಕ್ತೇನಿ, ಬಾ" ಎಂದು ಅತ್ತೆ ಒಳಗೆ ಹೋದರು. ಒಲೆಯ ಮುಂದೆ ಕುಳಿತು ಬಹಳ ಹೊತ್ತು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆ ಇರಲಿಲ್ಲ.

ಇವರಿಗೆ ನಿಜವಾಗಿ ಕೇಳಿಸಿತೋ, ಕಲ್ಲಿನ ಮೇಲೆ ಬಿದ್ದ ಅವ್ವನ ನೆರಳು ಕಂಡು ತಿರುಗಿದರೋ, ನನಗೆ ಗೊತ್ತಿಲ್ಲ. ಅತ್ತೆ ಹೋದ ಮೇಲೂ ಎಷ್ಟೋ ವರ್ಷ ನಾವಿಬ್ಬರೂ ಜೊತೆಯಲ್ಲಿ ಬಾಳಿದೆವು. ಇವರು ಇರುವತನಕ ನಾನು ಇವರ ಬಲಗಡೆಗೇ ನಿಂತು ಮಾತಾಡಿದೆ. ಎಡಗಡೆಯಿಂದ ಒಮ್ಮೆಯೂ ಕರೆದು ನೋಡಲಿಲ್ಲ.